ನಾಯಿಯ ಪೌಡರಿನಲ್ಲಿ ಬೆಕ್ಕಿಗೂ ಸಮಪಾಲು

ಇದರಲ್ಲಿ ನರಳಿದ್ದು ಚಿನ್ನಿ ಎಂಬ ಬೆಕ್ಕಿನ ಮರಿ. ನಾನಲ್ಲ, ಪೌಡರು ತಯಾರಿಸಿದವರೂ ಅಲ್ಲ. ಇದನ್ನು ಮೊದಲೇ ದಾಖಲಿಸುವುದು ನನ್ನ ಕರ್ತವ್ಯ.

ಚಿನ್ನಿ ನನ್ನ ಅತ್ತೆಯವರದು. ತಾಯಿ ಸತ್ತ ಮರಿಗೆ ಹತ್ತಿಯಲ್ಲಿ ಹಾಲದ್ದಿ ಕುಡಿಸಿ ಅವರು ಬದುಕಿಸಿದ್ದರು. ಅದು ಮಲಗುತ್ತಿದ್ದುದು ನಮ್ಮ ಮುದಿ ನಾಯಿ ಕರಿಯನ ಹೊಟ್ಟೆಗೆ ಒರಗಿ. ಕರಿಯನ ಮೈತುಂಬ ರಕ್ತ ಹೀರುವ ಉಣ್ಣೆ. ಪ್ರಾಣಿಗಳ ಮೈಶುಚಿ ಅವುಗಳ ಹಕ್ಕು ಎಂದು ಮಹಿಳಾ ಸಂಘದಲ್ಲಿ ಭಾಷಣ ಬಿಗಿದವಳು ಸುಮ್ಮನಿರಲಾದೀತೆ? ಕೊಳ್ಳೇಗಾಲದಿಂದ ಉಣ್ಣೆ ಪೌಡರು ತಂದೇಬಿಟ್ಟೆ.

ಮಧುವನಹಳ್ಳಿಯ ನಮ್ಮ ಮನೆಯ ಹಿಂದೆಯೇ ರೇಷ್ಮೆ ಹುಳುಮನೆ. ಹುಳುಗಳು ನಾಲ್ಕನೇ ಜ್ವರ ಕಳೆದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪು ಮೇಯುತ್ತಿದ್ದ ಕಾಲ. ಕೀಟನಾಶಕದ ಗಾಳಿ ಸೋಕಿದರೂ ಅವು ಉಳಿಯುವುದಿಲ್ಲ ಎಂಬುದು ಈ ಊರಿನ ಕೂಸಿಗೂ ಗೊತ್ತು. ನನಗೂ ಗೊತ್ತು! ಆದ್ದರಿಂದ ಅತ್ಯಂತ ಜವಾಬ್ದಾರಿಯಿಂದ ಕರಿಯನನ್ನು ನಡುಮನೆಗೆ ಕರೆತಂದು, ಕಿಟಕಿ, ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಹುಳುಗಳನ್ನು ರಕ್ಷಿಸಿದೆ.

ಒಳಗೆ ಬೆಕ್ಕಿತ್ತು.

ಕರಿಯನಿಗೆ ಪೌಡರು ತಿಕ್ಕಿ ಮುಗಿಸಿದಾಗ ಚಿನ್ನಿ ಬಂದು ಮೂತಿ ಎತ್ತಿತು. ನನ್ನ ಮನಸ್ಸಾಕ್ಷಿ ಜಾಗೃತವಾಯಿತು. ಜಾತಿ, ಗಾತ್ರ, ವಯಸ್ಸು ನೋಡಿ ಸೇವೆ ನಿರಾಕರಿಸುವುದು ತಾರತಮ್ಯವಲ್ಲವೇ? ಉಳಿದ ಪೌಡರನ್ನು ಅದರ ಮೇಲೂ ಧಾರಾಳವಾಗಿ ಉದುರಿಸಿದೆ. ಸಮಾನತೆ ಸ್ಥಾಪನೆಯಾಯಿತು!

ಹೊತ್ತು ಕಳೆದು ಅತ್ತೆ ಬಾಗಿಲು ತೆಗೆದಾಗ ಚಿನ್ನಿ ಜೊಲ್ಲು ಸುರಿಸುತ್ತಿತ್ತು. ಕಿವಿ ಅದುರುತ್ತಿತ್ತು.

“ಇದ್ಯಾಕವ್ವ ಇಂಗ್ ನಡುಗ್ತದೆ?”

“ಚಳಿ ಅತ್ತೆ,” ಎಂದು ಕಂಬಳಿ ಸುತ್ತಿದೆ. ಪೌಡರು ಇನ್ನಷ್ಟು ಮೈಗಂಟಿತು. ಮರಿಯ ಕಾಲುಗಳು ಸೆಟೆದವು.

“ಅಯ್ಯೋ ಮಾದಪ್ಪಾ! ನನ್ ಕೂಸ್ ಸಾಯ್ತದೆ ಕಣೇ!”

ಕಂಬಳಿಯ ಗಂಟನ್ನು ಅಪ್ಪಿಕೊಂಡು ಹುಳುಮನೆಗೆ ಓಡಿದೆ. ಒಳಗೆ ಸೊಪ್ಪು ಹಾಕುತ್ತಿದ್ದ ನನ್ನ ಗಂಡ ಮಹದೇವಸ್ವಾಮಿ, ಮೈಗೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಬರುತ್ತಿದ್ದ ನನ್ನನ್ನು ಕಂಡು ಸೊಪ್ಪಿನ ಕುಕ್ಕೆಯನ್ನೇ ಬಾಗಿಲಿಗೆ ಅಡ್ಡ ಹಿಡಿದರು.

“ಅಲ್ಲೇ ನಿಂತ್ಕೊ! ಒಳಕ್ ಕಾಲಿಟ್ಟೀಯೆ! ಏನಮ್ಮಿ ಅದು ಮೈಯೆಲ್ಲ?”

“ಉಣ್ಣೆ ಪೌಡ್ರು ಕಣ್ರೀ.”

“ಉಳಕ್ ಆಗಲ್ಲ ಅಂತ ಗೊತ್ತಿಲ್ವಾ ನಿಂಗೆ?”

“ಗೊತ್ತು! ಅದಕ್ಕೇ ಬಾಗ್ಲು ಹಾಕ್ಕೊಂಡು ಮನೆಯೊಳಗೆ ಬೆಕ್ಕಿಗೆ ಹಾಕ್ದೆ.”

“ಬೆಕ್ಕೇನ್ ಕಲ್ಲಲ್ ಮಾಡವ್ರಾ?”

ಪೌಡರಿನ ಡಬ್ಬಿಯನ್ನೂ ಹಿಡಿದುಕೊಂಡು ಒಂದೇ ಬೈಕಿನಲ್ಲಿ ಮೂವರೂ ಕೊಳ್ಳೇಗಾಲಕ್ಕೆ ಧಾವಿಸಿದೆವು. ಇದು ಕಾನೂನುಬಾಹಿರ, ಅದನ್ನೂ ದಾಖಲಿಸುತ್ತಿದ್ದೇನೆ. ದಾರಿಯುದ್ದಕ್ಕೂ ಅತ್ತೆ ಮರಿಯ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದರು.

ಪಶುವೈದ್ಯರು ಚಿನ್ನಿಗೆ ಸೂಜಿ ಚುಚ್ಚಿ, ನಡುಕ ತಗ್ಗಿದ ಮೇಲೆ ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದರು.

“ಇದು ನಾಯಿಗೆ ಮಾತ್ರ ಮೇಡಂ. ಬೆಕ್ಕಿಗೆ ವಿಷ. ಮರಿಗಂತೂ ಕೇಳ್ಲೇಬೇಡಿ. ನಾಯಿ ಮರಿಗೂ, ಮುದಿ ನಾಯಿಗೂ ನಮ್ಮನ್ನ ಕೇಳದೆ ಹಾಕ್ಬಾರ್ದು.”

“ಇಷ್ಟು ದೊಡ್ಡ ವಿಷಯವನ್ನ ಡಬ್ಬಿ ಮೇಲೆ ಯಾಕೆ ಬರೆದಿಲ್ಲ?” ಎಂದು ಗುಡುಗಿದೆ.

ವೈದ್ಯರು ಡಬ್ಬಿಯನ್ನು ತಲೆಕೆಳಗು ಮಾಡಿದರು. ತಳದಲ್ಲಿ, ಇರುವೆಗಿಂತ ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು.

ನಾನು ಇಂಗ್ಲಿಷ್ ಎಂ.ಎ.!

ಮನೆಗೆ ಬಂದವಳೇ ಕರಿಯನ ಮೈಯ ಪೌಡರನ್ನೂ ತೊಳೆದೆ. ಮಾರನೆಯ ದಿನ ಚಿನ್ನಿ ಹಾಲು ನೆಕ್ಕಿತು. ಅತ್ತೆ ಅತ್ತುಬಿಟ್ಟರು. ಮಾತನಾಡಿದ್ದು ಬೆಕ್ಕಿನೊಡನೆ ಮಾತ್ರ.

ಆದ್ದರಿಂದ ಪೌಡರು ತಯಾರಕರೇ, ಇದು ನನ್ನ ಸ್ಪಷ್ಟ ಬೇಡಿಕೆ: ಡಬ್ಬಿಯ ಮುಂಭಾಗದಲ್ಲೇ, ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ “ಬೆಕ್ಕಿಗೆ ಹಾಕಬಾರದು” ಎಂದು ಅಚ್ಚು ಹಾಕಿಸಿ. ಬೆಕ್ಕಿನ ಚಿತ್ರ ಬರೆಸಿ, ಅದರ ಮೇಲೆ ಕೆಂಪು ಅಡ್ಡಗೆರೆ ಎಳೆಸಿ. ಓದು ಬಂದರೂ ಓದದವರ ತಿಳಿವಳಿಕೆಗಾಗಿ ಪಕ್ಕದಲ್ಲೇ ನನ್ನ ಭಾವಚಿತ್ರವೂ ಇರಲಿ. ಫೋಟೊ ಅತ್ತೆಯವರೇ ಕೊಡುತ್ತಾರಂತೆ. ಅಡ್ಡಗೆರೆಯನ್ನೂ ಅವರೇ ಎಳೆದಿಟ್ಟಿದ್ದಾರೆ!