ಓಲ್ಡ್ ಬ್ರಿಡ್ಜ್‌ನ ಆರ್ಕ್ಟಿಕ್ ಡಾಕ್ಟರು

ನಮ್ಮ ಕಾಕಾ ಆರ್ಕ್ಟಿಕ್‌ನ ಹತ್ತಿರಕ್ಕೂ ಹೋದವರಲ್ಲ. ಆದರೂ ನ್ಯೂಜೆರ್ಸಿಯ ನಮ್ಮೂರು ಓಲ್ಡ್ ಬ್ರಿಡ್ಜ್‌ನಲ್ಲಿ ಅವರಷ್ಟು ಆರ್ಕ್ಟಿಕ್ ಸುತ್ತಿದವರು ಇನ್ನೊಬ್ಬರಿಲ್ಲ!

ಮೂವತ್ತು ವರ್ಷ ಜನರ ಹೊಟ್ಟೆ ಕೊಯ್ದು ನಿವೃತ್ತರಾದ ಈ ಧಾರವಾಡದ ಸರ್ಜನ್‌ಗೆ ಲೈಬ್ರರಿಯ ಪುಸ್ತಕವೊಂದರಲ್ಲಿ ಒಬ್ಬ ಸ್ಕಾಟಿಷ್ ಸರ್ಜನ್ ಗಂಟುಬಿದ್ದ. ಆತ ತೀರಿಕೊಂಡು ನೂರು ವರ್ಷ ದಾಟಿದೆ ಎಂಬುದು ಇವರ ಸ್ನೇಹಕ್ಕೆ ಅಡ್ಡಿಯಾಗಲಿಲ್ಲ. ತುಪ್ಪಳದ ವ್ಯಾಪಾರದ ಕಂಪನಿಯೊಂದರ ಡಾಕ್ಟರಾಗಿ ಕೆನಡಾಕ್ಕೆ ಹೋದವನು, ಹಿಮದಲ್ಲಿ ಸಾವಿರಾರು ಮೈಲಿ ನಡೆದು ನಕ್ಷೆ ಬರೆದನಂತೆ. ಬೇರೆ ಸಾಹೇಬರು ಬೆಳ್ಳಿ ಚಮಚ ಹೊತ್ತು ಹೋಗಿ ಸತ್ತರೆ, ಇವನು ಅಲ್ಲಿಯ ಜನರನ್ನು ಕೇಳಿ, ಅವರಂತೆ ಹಿಮದ ಮನೆ ಕಟ್ಟಿಕೊಂಡು ಬದುಕಿದ. ಅವನು ನಡೆದ ಆರ್ಕ್ಟಿಕ್ ಕಡಲ ದಂಡೆಯ ಮೇಲೆ ಒಮ್ಮೆ ಕಾಲಿಡಬೇಕು, ಇದೊಂದೇ ಕಾಕಾರ ಆಸೆ. ಆಗಸ್ಟ್‌ಗೆ ಹಡಗಿನಲ್ಲಿ ಜಾಗ ಕಾದಿರಿಸಿದ್ದರು. ಬಾಕಿ ಇದ್ದದ್ದು ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಹೃದಯದ ಡಾಕ್ಟರ ಸಹಿ.

ಅಲ್ಲಿಯವರೆಗೆ ತಯಾರಿ ಬೇಡವೇ? ಮೊದಲ ಪಾಠ: ದಾರಿಯನ್ನು ಸ್ಥಳೀಯರನ್ನೇ ಕೇಳಬೇಕು. ಜಿಪಿಎಸ್ ನಿಷಿದ್ಧ! ಕಾಕಾ, ಅವರ ಹೆಂಡತಿ ಕಾಕು, ನಾನು ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಹೊರಟೆವು. ನ್ಯೂಜೆರ್ಸಿಯ ರಸ್ತೆ ಬದಿಯಲ್ಲಿ ಸ್ಥಳೀಯರು ಎಲ್ಲಿ ಸಿಗಬೇಕು? ಕಡೆಗೆ ಸಿಕ್ಕವನು ಗ್ಯಾಸ್ ಸ್ಟೇಷನ್‌ನಲ್ಲಿ ಪೆಟ್ರೋಲ್ ಹಾಕುವ ಸರ್ದಾರ್‌ಜಿ. ಬಹಳ ಧೈರ್ಯವಾಗಿ ಕೈ ತೋರಿಸಿದ. ಇಪ್ಪತ್ತು ನಿಮಿಷದ ನಂತರ ನಾವು ಒಂದು ವೇರ್‌ಹೌಸ್‌ನ ಹಿಂದೆ, ಟ್ರಕ್ಕುಗಳ ನಡುವೆ ನಿಂತಿದ್ದೆವು. ತಿರುಗಿ ಹೋಗಿ ವಿಚಾರಿಸಿದರೆ, ಪಾಪ, ಪಂಜಾಬಿನಿಂದ ಬಂದು ಅವನಿಗೆ ಮೂರೇ ವಾರ!

"ಮತ್ತ ಆ ಟ್ರಕ್ಕಿಗೇ ಕೈ ಮುಗದು ಬರಬೇಕಿತ್ತಲ್ರೀ," ಎಂದರು ಕಾಕು.

"ಮೂರ ವಾರದಾಗ ಎಷ್ಟ ತಿಳ್ಕೊಂಡಾನ ನೋಡ!" ಎಂದರು ಕಾಕಾ.

ಜನವರಿಯಲ್ಲಿ ಹಿತ್ತಲಲ್ಲಿ ಹಿಮದ ಮನೆ ಎದ್ದಿತು. ಹಿಮದ ಇಟ್ಟಿಗೆ ಕೊರೆಯಲು ಕಾಕುವಿನ ಮೈಸೂರುಪಾಕಿನ ಚಾಕು. ಗೋಡೆ ಚೆನ್ನಾಗಿಯೇ ಏರಿತು. ಛಾವಣಿ ಮಾತ್ರ ಕಾಕಾರ ತಲೆಯ ಮೇಲೆ ಇಳಿಯಿತು. ಪಕ್ಕದ ಮನೆಯವರು ಪೊಲೀಸರನ್ನು ಕರೆದರು.

"ಸರ್, ಆರ್ ಯೂ ಓಕೆ?"

ಹಿಮದ ಗುಡ್ಡೆಯೊಳಗಿಂದ ಉತ್ತರ ಬಂತು: "ಯಸ್, ಐ ಆ್ಯಮ್ ಎ ಸರ್ಜನ್!"

(ಇದನ್ನು ನಾನೇ ಕಂಡೆನೋ, ಕಾಕು ಹೇಳಿದ್ದೋ? ಎಲ್ಲವನ್ನೂ ಅನುಮಾನಿಸಲು ಯೂನಿವರ್ಸಿಟಿಯಲ್ಲಿ ಕಲಿತೆ. ಈಗ ಆ ಅನುಮಾನಕ್ಕೆ ಮೊದಲು ಸಿಗುವುದು ನನ್ನ ನೆನಪೇ.)

ಮಾರ್ಚ್‌ನಲ್ಲಿ ಕಾಕಾರನ್ನು ಹೃದಯದ ಡಾಕ್ಟರ ಬಳಿ ನಾನೇ ಕರೆದೊಯ್ದೆ. ಅವರು ಸಹಿ ಹಾಕಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನಾನೇ ಒಂದು ಉಪಾಯ ಹೂಡಿದೆ.

"ಹಡಗು ಕ್ಯಾನ್ಸಲ್ ಆತಂತ ಕಾಕೂಗ ಹೇಳಿಬಿಡೂಣು. ಆಕಿ ನಗೂದರ ತಪ್ಪತದ," ಎಂದೆ.

"ಅವಾ ಸುಳ್ಳ ಹೇಳಿದ್ನೇನೋ?" ಎಂದರು ಕಾಕಾ.

ಅವಾ ಎಂದರೆ ಸ್ಕಾಟಿಷ್ ಸರ್ಜನ್. ಕಾಣೆಯಾದ ಇಂಗ್ಲಿಷ್ ನಾವಿಕರು ಹಸಿವು ತಾಳದೆ ಸತ್ತ ಜೊತೆಗಾರರನ್ನೇ ತಿಂದು ಕಡೆಗೆ ಹೇಗೆ ಸತ್ತರೆಂದು ಅಲ್ಲಿಯ ಜನ ಹೇಳಿದ್ದನ್ನು ಅವನು ಇದ್ದದ್ದು ಇದ್ದಂತೆ ವರದಿ ಮಾಡಿದ. ಲಂಡನ್ ಸಿಟ್ಟಾಯಿತು, ಅವನಿಗೆ ಸಿಗಬೇಕಿದ್ದ 'ಸರ್' ಬಿರುದೂ ತಪ್ಪಿತು.

ಮನೆಯಲ್ಲಿ ಶೂ ಬಿಚ್ಚುವ ಮೊದಲೇ ಕಾಕಾ ಹೇಳಿದರು: "ಎದಿ ಒಪ್ಪಂಗಿಲ್ಲಂತ. ನಾ ಹೋಗೂದಿಲ್ಲ."

ಕಾಕು ನಗಲಿಲ್ಲ. ಒಳಗೆ ಹೋಗಿ, ಅಂಗಡಿಯ ಚೀಟಿ ಇನ್ನೂ ಕೀಳದ ದಪ್ಪ ಉಣ್ಣೆಯ ಟೊಪ್ಪಿಗೆಗಳನ್ನು ತಂದರು. ಒಂದಲ್ಲ, ಎರಡು!

"ನಿಮ್ಮನ್ನೊಬ್ಬರ್ನ ಕಳಸ್ತಿದ್ನೇನು ನಾ?" ಎನ್ನುತ್ತಾ ಒಂದನ್ನು ಅವರ ಕಿವಿ ಮುಚ್ಚುವಂತೆ ಎಳೆದು ಹಾಕಿದರು. ಇನ್ನೊಂದನ್ನು ತಾವು ಹಾಕಿಕೊಂಡು ಹಿತ್ತಲ ಬಾಗಿಲು ತೆರೆದರು.

ಅವತ್ತು ಹೊರಗೆ ಹಿಮ ಇತ್ತೇ? ಫೋನಿನ ಫೋಟೋದಲ್ಲಿ ಬರೀ ಒಣ ಹುಲ್ಲು. ನನಗೆ ನೆನಪಿರುವುದು ಮಾತ್ರ ಮೊಣಕಾಲುದ್ದ ಹಿಮ, ಮುಂದೆ ಹೆಜ್ಜೆ ಊರುವ ಕಾಕಾ, ಅದೇ ಗುಣಿಗಳಲ್ಲಿ ಕಾಲಿಡುತ್ತಾ ಹಿಂದೆ ಕಾಕು.

ಬೇಲಿಯ ಹತ್ತಿರ ಕಾಕಾ ನಿಂತು ತಿರುಗಿದರು. "ಇನ್ನೂ ಮುಂದ ಹೋಗೂಣೇನು?"

"ಹೋಗೂಣಂತ. ಮೊದಲ ಉಸಿರು ತಗೋರಿ."