ಹನ್ನೆರಡನೆಯ ಸಾವು

ಹೋದ ವರ್ಷದವರೆಗೆ ಈ ಊರಿನಲ್ಲಿ ನಾನು ಹನ್ನೊಂದು ಸಲ ಸತ್ತಿದ್ದೆ. ಹನ್ನೊಂದು ಸಲವೂ ಒಂದೇ ಜಾಗ, ಹಳ್ಳದ ದಂಡೆಯ ಇರುವೆಗೂಡಿನ ಪಕ್ಕ. ಒಂದೇ ಹೊತ್ತು, ಮಧ್ಯಾಹ್ನ ಎರಡೂಕಾಲು. ಇಷ್ಟು ಶಿಸ್ತಾಗಿ ಸಾಯುವ ಮನುಷ್ಯನಿಗೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ. "ಬಿದ್ದರೆ ಬಲಗಡೆಗೆ ಬೀಳು ವರ್ನ್, ಎಡಗಡೆ ಹುಲ್ಲಿನ ಕಲೆ ಎಷ್ಟು ಉಜ್ಜಿದರೂ ಹೋಗಲ್ಲ" ಅನ್ನುತ್ತಾಳೆ ನನ್ನ ಹೆಂಡತಿ ಡೋರೀನ್.

ಸಂಗತಿ ಇಷ್ಟೆ. ಇನ್ನೂರ ಅರವತ್ತು ಚಿಲ್ಲರೆ ವರ್ಷಗಳ ಹಿಂದೆ ಪೆನ್ಸಿಲ್ವೇನಿಯಾದ ಈ ಬೆಟ್ಟಗಳಲ್ಲಿ ಕಾಡು ಕಡಿದು ದಾರಿ ಮಾಡಿಕೊಂಡು, ಗಡಿಯಲ್ಲಿದ್ದ ಫ್ರೆಂಚರ ಕೋಟೆ ಹಿಡಿಯಲು ನಮ್ಮವರ, ಅಂದರೆ ಆಗಿನ ಬ್ರಿಟಿಷರ, ಸೈನ್ಯ ಹೋಗಿತ್ತು. ಪ್ರತಿ ಅಕ್ಟೋಬರಿನಲ್ಲಿ ನಾವು ಅದೇ ದಂಡಯಾತ್ರೆಯನ್ನು ಅದೇ ಉಡುಪು ತೊಟ್ಟು, ಬರೀ ಮದ್ದಿನ ಕೋವಿ ಹಿಡಿದು, ನಾಟಕದಂತೆ ಇನ್ನೊಮ್ಮೆ ನಡೆಸುತ್ತೇವೆ. ತೊಡಕು ಏನೆಂದರೆ, ಸಾಯಲು ಯಾರೂ ಒಪ್ಪುವುದಿಲ್ಲ. ಸತ್ತವನು ಮುಕ್ಕಾಲು ಗಂಟೆ ಅಲುಗಾಡದೆ ಬಿದ್ದಿರಬೇಕು. ಹಾಗಾಗಿ ಒಂದು ಕಟ್ಟಳೆ: ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೆಲ್ಲ ಮೊದಲ ಸುತ್ತಿನ ಗುಂಡಿಗೇ ಬೀಳತಕ್ಕದ್ದು. ನಾನು ಹುಟ್ಟಿದ್ದು ಮಾರ್ಚ್ ಇಪ್ಪತ್ತೊಂಬತ್ತು. (ಅಮ್ಮ ಇನ್ನು ಮೂರೇ ದಿನ ತಡೆದುಕೊಂಡಿದ್ದರೆ ಏಪ್ರಿಲ್ ಒಂದರ ಮೂರ್ಖನಾದರೂ ಬದುಕಿ ಉಳಿಯುತ್ತಿದ್ದೆ.)

ಗುಡ್ಡದಾಚೆಯ ಆ ಕೋಟೆಯನ್ನು ನಾನು ಒಮ್ಮೆಯೂ ಕಂಡಿಲ್ಲ. ಅದನ್ನು ಫ್ರೆಂಚರ ವೇಷದ ಪಾಳಯದವರೇ ಗುಟ್ಟಾಗಿ ಕಟ್ಟುತ್ತಾರೆ, ಕೊನೆಗೆ ಇತಿಹಾಸದಲ್ಲಿ ಇರುವಂತೆ ತಾವೇ ಸುಟ್ಟು ಓಡುತ್ತಾರೆ. ಹೊಗೆ ಮಾತ್ರ ನನ್ನ ಪಾಲಿಗೆ. ಒಂದೇ ಒಂದು ಸಲ ಆ ಬಾಗಿಲಿನೊಳಗೆ ಕಾಲಿಡಬೇಕು ಅನ್ನುವುದು ಈ ಜನ್ಮದ ಆಸೆಯಾಗಿತ್ತು.

ಈ ವರ್ಷ ದೈವ ಕಣ್ಣು ಬಿಟ್ಟಿತು. ಬಾವುಟ ಹಿಡಿಯುತ್ತಿದ್ದ ಮುದುಕನಿಗೆ ಮಂಡಿಯ ಆಪರೇಷನ್ ಆಯಿತು. ಬಾವುಟದವನು ಯಾವ ತಿಂಗಳಲ್ಲಿ ಹುಟ್ಟಿದ್ದರೂ ಸಾಯುವ ಹಾಗಿಲ್ಲ. ನಮ್ಮ ಕರ್ನಲ್ ಹಾರ್ಲನ್ (ವರ್ಷದ ಉಳಿದ ದಿನ ಹಲ್ಲಿನ ಡಾಕ್ಟರು) ನನ್ನ ದವಡೆ ಹಲ್ಲು ಕೀಳುತ್ತಲೇ ಆ ಪದವಿಯನ್ನು ನನಗೆ ದಯಪಾಲಿಸಿದರು. ಷರತ್ತು ಒಂದೇ: ಹೊಸ ಕೋಟು, ಅದರಲ್ಲಿ ಮಿಷಿನ್ನಿನ ಹೊಲಿಗೆ ಒಂದೂ ಇರಕೂಡದು. ಮೂವತ್ತೆರಡು ಗುಂಡಿ, ಮೂವತ್ತೆರಡು ಕಾಜ, ಎಲ್ಲ ಕೈಯಲ್ಲೇ ಆಗಬೇಕು. ಭೂತಗನ್ನಡಿ ಹಿಡಿದು ತಪಾಸಣೆ ಮಾಡುವವರಿದ್ದಾರೆ.

ಇಡೀ ಬೇಸಗೆ ಡೋರೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಹೊಲಿದಳು. ಕಡೆಯ ಕಾಜ ಮುಗಿಸುವಾಗ ತಲೆ ಎತ್ತದೆ ಕೇಳಿದಳು: ಹನ್ನೊಂದು ವರ್ಷ ನಿಮ್ಮ ಬಿಡಾರದಲ್ಲಿ ಬೀನ್ಸಿನ ಹಂಡೆ ತಿರುವಿದ್ದೇನೆ, ಈ ಸಲ ನಾನೂ ನಿನ್ನ ಜೊತೆ ಕೋಟೆವರೆಗೆ ಬರಲೇ ಅಂತ.

ಆಗ 'ಹೂಂ' ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಇತಿಹಾಸದಲ್ಲಿ ಹಾಗಿಲ್ಲವಲ್ಲ ಡೋರೀನ್. ಹೆಂಗಸರು ಬಿಡಾರದಲ್ಲೇ ಇದ್ದರು" ಅಂದೆ.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಇತಿಹಾಸದಲ್ಲಿ ನೀನೂ ಇಲ್ಲ, ವರ್ನ್."

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ನನಗೆ ಆ ಮಾತಿನ ಅರ್ಥ ತಿಳಿಯಬೇಕಿತ್ತು. ಆದರೆ ತಲೆಯೊಳಗೆ ಆಗಲೇ ಬಾವುಟ ಹಾರುತ್ತಿತ್ತು.

ಆ ದಿನ ಬಂತು. ಭೂತಗನ್ನಡಿಯವರು ನನ್ನ ಕಾಜಗಳನ್ನು ನೋಡಿ ತಲೆದೂಗಿದರು. ಎರಡೂಕಾಲಿಗೆ ಮೊದಲ ಸುತ್ತು ಹಾರಿತು. ಜನವರಿ, ಫೆಬ್ರವರಿ, ಮಾರ್ಚ್‌ಗಳು ದೊಪದೊಪನೆ ಬಿದ್ದವು. ನಾನು ಅವರನ್ನು ದಾಟಿಕೊಂಡು ಮುಂದೆ ನಡೆದೆ. ಬದುಕಿರುವುದು ಇಷ್ಟು ಸೊಗಸು ಎಂದು ನನಗೆ ಗೊತ್ತೇ ಇರಲಿಲ್ಲ.

ನಲವತ್ತು ಹೆಜ್ಜೆ ದೂರದಲ್ಲಿ ಬಿಳಿ ಕೋಟಿನ ಒಬ್ಬ ದಪ್ಪ ಫ್ರೆಂಚ್ ಸಿಪಾಯಿ ಮರದ ಮರೆಯಿಂದ ಹೊರಗೆ ಬಂದ. (ಫ್ರೆಂಚರ ಪಾಳಯಕ್ಕೆ ಯಾವಾಗಲೂ ಜನ ಸಾಲದು, ಯಾರು ಬಂದರೂ ಸೇರಿಸಿಕೊಳ್ಳುತ್ತಾರೆ.) ರೂಲಿನ ಪ್ರಕಾರ ಕೋವಿಯ ಮೂತಿಯನ್ನು ನನ್ನ ತಲೆಗಿಂತ ಒಂದು ಮೊಳ ಮೇಲೆತ್ತಿ ಹಾರಿಸಿದ. ನಾನು ಬೀಳಲಿಲ್ಲ. ಅವನು ಸಾವಕಾಶವಾಗಿ ಮದ್ದು ತುಂಬಿಕೊಂಡು, ಹತ್ತಿರ ಬಂದು ಮತ್ತೆ ನನಗೇ ಹಾರಿಸಿದ. ಆಗ ಆ ಬಿಳಿ ಕೋಟಿನ ಕಾಜಗಳನ್ನು ಗಮನಿಸಿದೆ. ಅಂಥ ಕಾಜ ಹೊಲಿಯುವ ಕೈ ಈ ಜಿಲ್ಲೆಯಲ್ಲಿ ಒಂದೇ. ಕೋವಿ ಹಿಡಿದದ್ದೂ ಅದೇ ಕೈ.

ಮೂರನೆಯ ಗುಂಡಿಗೂ ನಾನು ನಿಂತೇ ಇದ್ದಾಗ ಜನ ನಗತೊಡಗಿದರು. ನಮ್ಮ ಬಳಗದಲ್ಲಿ ಎದುರಿಗೆ ಹಾರಿಸಿದ ಗುಂಡಿಗೆ ಬೀಳದವನಿಗಿಂತ ಹೇಡಿ ಇನ್ನೊಬ್ಬನಿಲ್ಲ. ಕರ್ನಲ್ ಕುದುರೆ ತಿರುಗಿಸಿ ಬಂದು ಹಲ್ಲು ಕಚ್ಚಿ ಹೇಳಿದರು: "ಇನ್ನೆಷ್ಟು ಗುಂಡು ಬೇಕಯ್ಯ ನಿನಗೆ? ಬೀಳು. ಬಾವುಟ ಜುಲೈಯವನಿಗೆ ಕೊಡು."

ಬಿದ್ದೆ. ಅದೇ ಇರುವೆಗೂಡು. ಸ್ವಲ್ಪ ಹೊತ್ತಿಗೆ ಗುಡ್ಡದಾಚೆಯಿಂದ ಹೊಗೆ ಬಂತು.

ರಾತ್ರಿ ಊಟಕ್ಕೆ ಕೂತಾಗ ನಾಚಿಕೆ ಬಿಟ್ಟು ಡೋರೀನಳನ್ನು ಕೇಳಿದೆ, ಕೋಟೆ ಹೇಗಿತ್ತು ಅಂತ. ಬೆಳಗ್ಗೆಯೆಲ್ಲ ಅದರೊಳಗೇ ಇದ್ದೆ, ತುಂಬ ಚೆನ್ನಾಗಿತ್ತು, ಬೆಂಕಿ ಹಚ್ಚಿದ್ದೂ ನಾನೇ ಎಂದಳು. ಗುರಿ ಮೆಚ್ಚಿ ಅವಳನ್ನು ಲೆಫ್ಟಿನೆಂಟ್ ಮಾಡಿದ್ದಾರಂತೆ. ಅದಕ್ಕೆ ಹೊಸ ಕೋಟು ಬೇಕಂತೆ, ಮೂವತ್ತೆರಡು ಕಾಜ, ಎಲ್ಲ ಕೈಹೊಲಿಗೆ.

ಈಗ ಅಡುಗೆಮನೆಯ ಮೇಜಿನ ಮುಂದೆ ಕೂತಿರುವವನು ನಾನು. ಏಳು ಮುಗಿದಿವೆ, ಬೆರಳೆಲ್ಲ ತೂತು. ನಿನ್ನೆ ಮೆಲ್ಲಗೆ ಕೇಳಿದೆ: ನಾನೂ ನಿಮ್ಮ ಪಾಳಯಕ್ಕೇ ಸೇರಿಬಿಟ್ಟರೆ ಕೋಟೆ ನೋಡಬಹುದಲ್ಲವೇ?

ಡೋರೀನ್ ಏಳನೆಯ ಕಾಜವನ್ನು ಬೆಳಕಿಗೆ ಹಿಡಿದು ನೋಡಿ, ಹೊಲಿಗೆಯನ್ನು ಬಿಚ್ಚತೊಡಗಿದಳು.

"ಬಾ, ಬೇಡ ಅಂದವರು ಯಾರು? ನಮ್ಮ ಹಂಡೆ ತಿರುವೋಕೂ ಒಬ್ಬರು ಬೇಕು. ಆದರೆ ಆ ಹಂಡೆ ಹಳ್ಳದ ಈಚೆ ದಂಡೆಯಲ್ಲೇ ಇರೋದು, ವರ್ನ್, ಇರುವೆಗೂಡಿನ ಪಕ್ಕ."