ಚಕ್ರದಡಿಯ ಕಲ್ಲು

ಆ ಕಲ್ಲು ಇಟ್ಟಿಗೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಆದರೆ ವಾಚಣ್ಣನ ಮಾನ ಅದರ ಮೇಲೇ ನಿಂತಿತ್ತು. ಮನೆ ಇದ್ದದ್ದು ಇಳಿಜಾರಿನ ಬೀದಿಯಲ್ಲಿ. ಮಾವ ಕೊಟ್ಟ ಹಳೇ ಕಾರಿನ ಹ್ಯಾಂಡ್‌ಬ್ರೇಕನ್ನು ಕಂಕುಳವರೆಗೆ ಎಳೆದು, ಗೇರಿಗೆ ಹಾಕಿ ನಿಲ್ಲಿಸಿದರೂ ಕಾರು ಇಂಚಿಂಚೇ ಜಾರುತ್ತಿತ್ತು. ಅದಕ್ಕೇ ಚಕ್ರದಡಿ ಕಲ್ಲು.

ಅವತ್ತು ಬೆಳಗ್ಗೆ ಹೆಂಡತಿ ಫೋನ್ ಇಟ್ಟವಳೇ, "ರೀ, ಅಪ್ಪ ಸಂಜೆ ಐದಕ್ಕೆ ಬರ್ತಾರಂತೆ. ಕಾರು ಹೆಂಗಿಟ್ಕೊಂಡಿದ್ದೀರಿ ಅಂತ ನೋಡ್ಬೇಕಂತೆ" ಎಂದಳು.

ವಾಚಣ್ಣ ಮೊದಲು ನೋಡಿದ್ದು ಕಿಟಕಿಯಾಚೆಯ ಕಲ್ಲನ್ನು. ಕಾರು ಕೊಟ್ಟ ದಿನವೇ ಮಾವ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಚಕ್ರದ ಕೆಳಗೆ ಕಲ್ಲು ಕಂಡ ದಿನ ಕಾರು ಕಿರಿಯಳಿಯನಿಗೆ." ಆ ಷಡ್ಡಕನೆಂದರೆ ವಾಚಣ್ಣನಿಗೆ ಮೊದಲೇ ಅಷ್ಟಕ್ಕಷ್ಟೆ.

"ಮೆಕ್ಯಾನಿಕ್‌ನ ಕರೀರಿ."

"ಅವನು ನಾಳಿದ್ದು ಬರ್ತೀನಿ ಅಂದ. ನಾನೇ ಮಾಡ್ತೀನಿ. ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸೋ ಕೈ ಕಣೇ ಇದು. ಒಂದು ನಟ್ಟು ಯಾವ ಲೆಕ್ಕ?"

ಇಪ್ಪತ್ತು ವರ್ಷ ವಾಚು ರಿಪೇರಿ ಮಾಡಿದವನ ಮಾತು. ಅಂಗಡಿ ತೆಗೆಯದೆ ತೋಳು ಮಡಚಿದ.

ಎದುರುಮನೆಯ ನಿವೃತ್ತ ಮೇಷ್ಟರು ಕುರ್ಚಿ ಸಮೇತ ಹಾಜರಾದರು. "ಎಳಿ ನೋಡೋಣ" ಎಂದು ಲಿವರ್‌ನ ಟಕ್ ಟಕ್ ಎಣಿಸಿದರು. "ಹನ್ನೊಂದು! ಆರಕ್ಕೇ ಹಿಡೀಬೇಕು ಕಣಯ್ಯಾ. ಒಂದೋ ಕೇಬಲ್ ಸಡಿಲ ಆಗಿದೆ, ಇಲ್ಲಾ ಹಿಂದಿನ ಚಕ್ರ ಹಿಡಿಯೋ ಬ್ರೇಕ್ ಶೂ ಸವೆದಿದೆ. ಮೊದಲು ಶೂ ನೋಡು."

ಅಷ್ಟರಲ್ಲಿ ಮಹಡಿ ಮನೆ ಟೈಲರ್ ಇಳಿದು ಬಂದ. "ಶೂ ಗೀ ಯಾಕೆ ಮೇಷ್ಟ್ರೇ? ಸಡಿಲ ಆಗಿದ್ರೆ ಬಿಗಿ ಮಾಡೋದಪ್ಪ. ತಿರುಗಿಸಿ ವಾಚಣ್ಣ, ಇನ್ನೂ ನಾಲ್ಕು ಸುತ್ತು!"

ನಾಲ್ಕು ಸುತ್ತಿನ ಮಾತು ವಾಚಣ್ಣನಿಗೆ ಹಿಡಿಸಿತು. ಲಿವರ್ ಕೆಳಗಿನ ಮುಚ್ಚಳ ಬಿಚ್ಚಿ, ಕೇಬಲ್ಲಿನ ನಟ್ಟನ್ನು ಹಲ್ಲು ಕಚ್ಚಿ ತಿರುಗಿಸಿದ. ಈಗ ಲಿವರ್ ಎರಡೇ ಟಕ್‌ಗೆ ನಿಂತುಬಿಟ್ಟಿತು. ಗೆದ್ದೆ ಎಂದುಕೊಂಡು ಒಂದು ಸುತ್ತು ಹೊರಟರೆ, ಯಾರೋ ಬಾಲ ಹಿಡಿದೆಳೆದ ಎಮ್ಮೆಯ ಹಾಗೆ ಕಾರು ಮುಲುಗುತ್ತಾ ಹೋಯಿತು. ಬೀದಿಯ ಕೆಳತುದಿ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರಗಳಿಂದ ಹೊಗೆ! ಇವನು ಬ್ರೇಕ್ ಬಿಟ್ಟರೂ ಬ್ರೇಕ್ ಚಕ್ರವನ್ನು ಬಿಟ್ಟಿರಲಿಲ್ಲ.

"ನಾನು ಹೇಳಿರ್ಲಿಲ್ವಾ!" ಎಂದು ಮೇಷ್ಟರು ಕುರ್ಚಿ ಹೊತ್ತುಕೊಂಡೇ ಓಡಿ ಬಂದರು.

"ಟೈಲರ್ ಸಾಹೇಬ್ರೇ, ನಿಮ್ಮ ಸೂಜಿ ನೀವು ನೋಡ್ಕೊಳ್ಳಿ. ನಾನಂತೂ ಇದನ್ನ ಬಿಡೋನಲ್ಲ" ಎಂದ ವಾಚಣ್ಣ. ಆಗಲೇ ಎರಡು ಗಂಟೆ. ಊಟಕ್ಕೆ ಕರೆದ ಹೆಂಡತಿಗೆ ಕೈಯಲ್ಲೇ ಬೇಡ ಎಂದ.

ಅಲ್ಲೇ ಸಮತಟ್ಟಾದ ಜಾಗವಿತ್ತು. ಚಕ್ರಗಳು ತಣ್ಣಗಾದ ಮೇಲೆ ಮುಂದಿನ ಚಕ್ರಕ್ಕೆ ಮನೆಯಿಂದ ಹೊತ್ತು ತಂದ ಅದೇ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಲ್ಲಿ ಎತ್ತಿದ. ಕೇಬಲ್ಲನ್ನು ಪೂರ್ತಿ ಸಡಿಲ ಬಿಟ್ಟ. ಚಕ್ರದ ಹಿಂದಿನ ಸಣ್ಣ ಕಿಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಶೂವನ್ನು ಚಕ್ರದತ್ತ ದೂಡುವ ಒಳಗಿನ ಹಲ್ಲುಗಾಲಿಯನ್ನು ಒಂದೊಂದೇ ಹಲ್ಲು ತಿರುಗಿಸಿದ. ಚಕ್ರ ತಿರುಗಿಸಿ ಕಿವಿಯಿಟ್ಟು ಕೇಳಿದ. ಶೂ ಸವರಿದ ಸದ್ದು ಬಂದ ಕೂಡಲೇ ಒಂದು ಹಲ್ಲು ಹಿಂದಕ್ಕೆ. ಇನ್ನೊಂದು ಚಕ್ರಕ್ಕೂ ಹಾಗೇ. ಕೊನೆಗೆ ಕೇಬಲ್ಲಿನ ನಟ್ಟು, ಈ ಸಲ ಕಾಲು ಕಾಲು ಸುತ್ತು.

ಕಾರನ್ನು ಕಲ್ಲಿನ ಸಮೇತ ಮನೆ ಮುಂದಿನ ಇಳಿಜಾರಿಗೆ ತಂದು ಲಿವರ್ ಎಳೆದ. "ನಾಲ್ಕು, ಐದು, ಆರು!" ಎಂದು ಮೇಷ್ಟರು ಕೂಗಿದರು. ಕಾರು ಕದಲಲಿಲ್ಲ. ಟೈಲರ್ ಹಿಂದಿನಿಂದ ದಬ್ಬಿ ನೋಡಿದ, ಊಹೂಂ. ವಾಚಣ್ಣನ ಕಣ್ಣು ತುಂಬಿಬಂತು.

"ಈ ಕಲ್ಲು ಇನ್ನು ಬೇಡ ತಾನೆ? ನಮ್ಮ ಮೆಟ್ಟಿಲು ಒಂದು ಮುರಿದಿದೆ" ಎಂದ ಟೈಲರ್.

"ಧಾರಾಳವಾಗಿ ತಗೊಂಡ್ಹೋಗಿ!"

ಐದಕ್ಕೆ ಸರಿಯಾಗಿ ಮಾವ ಬಂದರು. ಬಂದ ಕಾರು ಷಡ್ಡಕನದು. ಅದರ ಮುಂದಿನ ಚಕ್ರವನ್ನು ಜಗಲಿಗೆ ಆನಿಸಿಟ್ಟು ಇಳಿದು, ವಾಚಣ್ಣನ ಕಾರಿನ ನಾಲ್ಕೂ ಚಕ್ರದಡಿ ಬಗ್ಗಿ ನೋಡಿದರು. ಲಿವರ್ ಎಳೆದರು, ಬಿಟ್ಟರು.

"ಭಲೇ ಅಳಿಯಂದ್ರೇ! ಯಾರು ಮಾಡಿದ್ದು?"

"ನಾನೇ ಮಾವ" ಎನ್ನುವಾಗ ವಾಚಣ್ಣ ಎರಡಿಂಚು ಬೆಳೆದಿದ್ದ.

"ನೋಡಿ, ನಿಮ್ಮಂಥವರು ಮನೇಲಿರೋದು ನಮ್ಮ ಪುಣ್ಯ. ಆ ಕಿರಿಯಳಿಯನಿಗೆ ಒಂದು ಸ್ಕ್ರೂ ತಿರುಗಿಸೋಕೂ ಬರಲ್ಲ, ಪಾಪ. ಅವನ ಕಾರಿನ ಹ್ಯಾಂಡ್‌ಬ್ರೇಕ್ ನಿಲ್ಲೋದೇ ಇಲ್ಲ. ನಿಮ್ಮದನ್ನ ಅವನಿಗೆ ಕೊಡ್ತೀನಿ, ಅವನದು ನಿಮಗಿರಲಿ. ನೀವಾದ್ರೆ ಹೇಗೂ ಸರಿ ಮಾಡ್ಕೋತೀರಿ. ತಗೊಳ್ಳಿ ಕೀಲಿ, ಅದನ್ನ ಸ್ವಲ್ಪ ಹಿಂದಕ್ಕೆ ತೆಗೀರಿ, ದಾರಿ ಬಿಡಿ."

ಮಾವನ ಮಾತು ಮೀರಲಾಗದೆ ವಾಚಣ್ಣ ಕೀಲಿ ಹಿಡಿದು ಷಡ್ಡಕನ ಕಾರು ಹತ್ತಿದ. ಹಿಂದಕ್ಕೆ ತೆಗೆದ. ಮಾವ ಹತ್ತಿದ ಅವನದೇ ಕಾರು ಕಣ್ಣೆದುರೇ ತಿರುವು ದಾಟಿ ಹೋಯಿತು.

ಈ ಕಾರಿನ ಲಿವರ್ ಎಳೆದ. "ಹದಿಮೂರು!" ಎಂದರು ಮೇಷ್ಟರು. ಬ್ರೇಕ್ ಪೆಡಲಿನಿಂದ ಕಾಲು ಸಡಿಲಿಸಿದರೆ ಸಾಕು, ಕಾರು ಜಾರುತ್ತಿತ್ತು.

"ಟೈಲರ್ ಸಾಹೇಬ್ರೇ, ಆ ಕಲ್ಲು ಒಂಚೂರು ಕೊಡ್ತೀರಾ?"

"ಅಯ್ಯೋ ವಾಚಣ್ಣ, ಈಗಷ್ಟೇ ಸಿಮೆಂಟ್ ಹಾಕಿ ಕೂರಿಸಿಬಿಟ್ಟೆನಲ್ಲಾ!"

ವಾಚಣ್ಣ ಪೆಡಲನ್ನು ಇನ್ನಷ್ಟು ಒತ್ತಿಕೊಂಡು ಮನೆ ಕಡೆ ಕೂಗಿದ: "ಇವಳೇ, ಊಟ ಇಲ್ಲಿಗೇ ತಾ. ಸ್ಪ್ಯಾನರೂ ತಗೊಂಡು ಬಾ!"